ಏಡ್ಸ್ ಹೊಕ್ಕ ಮನೆಗಳ ಮಕ್ಕಳು

ರೋಗಕ್ಕೆ ಔಷಧವು ದೊರೆತೊಡನೆ ರೋಗದ ದುಃಖವೆಲ್ಲವೂ ತೀರಿತೆಂದು ಭಾವಿಸುವುದು ಲೋಕದ ರೂಢಿ. ಏಡ್ಸ್ ವಿಷಯದಲ್ಲಿ ನಮ್ಮ ನಾಡು ಇಂದು ಅಂಥದೊಂದು ಸಮಾಧಾನದಲ್ಲಿ ಮೈಮರೆತಿರುವಂತೆ ಕಾಣುತ್ತದೆ. 1986ರಲ್ಲಿ ಮದರಾಸಿನಲ್ಲಿ ಈ ಸೋಂಕು ಭಾರತದಲ್ಲಿ ಮೊದಲ ಬಾರಿಗೆ ಪತ್ತೆಯಾದಾಗ ಅದಕ್ಕೆ ಪ್ರತಿಯಾಗಿ ವೈದ್ಯರ ಕೈಯಲ್ಲಿ ಸಾಂತ್ವನದ ಮಾತಿನ ಹೊರತು ಹೆಚ್ಚಿನದೇನೂ ಇರಲಿಲ್ಲ. ಆ ಕಾಲವು ಈಗ ಕಳೆದಿದೆ. 2004ರ ಏಪ್ರಿಲ್ 1ರಿಂದ ಸರಕಾರವು ಎ.ಆರ್.ಟಿ. ಔಷಧಗಳನ್ನು ಉಚಿತವಾಗಿ ಕೊಡತೊಡಗಿತು. 2006ರ ಕೊನೆಯಿಂದ ಮಕ್ಕಳ ವಯಸ್ಸಿಗೆ ತಕ್ಕ ಔಷಧಗಳೂ ಬಂದವು. 2017ರಿಂದ ಸೋಂಕು ಇದೆಯೆಂದು ತಿಳಿದೊಡನೆಯೇ, ದೇಹವು ಕುಗ್ಗುವವರೆಗೆ ಕಾಯದೆ, ಚಿಕಿತ್ಸೆಯನ್ನು ಆರಂಭಿಸುವ ಕ್ರಮವು ಜಾರಿಗೆ ಬಂದಿತು. ತಪ್ಪದೆ ಔಷಧ ಸೇವಿಸುವವನು ಉಳಿದವರಂತೆಯೇ ದುಡಿದು ಬಾಳಬಲ್ಲನು. ತಕ್ಕ ಚಿಕಿತ್ಸೆ ಪಡೆದ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವವೂ ನೂರಕ್ಕೆ ಐದಕ್ಕಿಂತ ಕೆಳಗೆ ಇಳಿಯುತ್ತದೆ. ಇದು ಅಲ್ಪ ಸಾಧನೆಯಲ್ಲ. ಇದಕ್ಕಾಗಿ ದುಡಿದ ವೈದ್ಯರೂ ಶುಶ್ರೂಷಕಿಯರೂ ಕಾರ್ಯಕರ್ತರೂ ದೇಶದ ಕೃತಜ್ಞತೆಗೆ ಪಾತ್ರರು.

ಆದರೆ ಔಷಧವು ರಕ್ತದಲ್ಲಿರುವ ವಿಷಾಣುವನ್ನು ಅಡಗಿಸಬಲ್ಲುದೇ ಹೊರತು, ತಂದೆಯನ್ನು ಕಳೆದುಕೊಂಡ ಮಗುವಿನ ಎದೆಯಲ್ಲಿ ಮನೆಮಾಡಿಕೊಂಡ ಭಯವನ್ನು ಅಡಗಿಸಲಾರದು. ಆ ಭಯಕ್ಕೆ ಬೇರೆ ಔಷಧವು ಬೇಕು. ಅದರಲ್ಲೊಂದು ಮುಖ್ಯವಾದುದು, ನಮ್ಮ ವಾಚಕರಿಗೆ ಕೇಳಲು ವಿಚಿತ್ರವೆನಿಸಬಹುದಾದರೂ, ಆ ಮನೆಗೆ ತಿಂಗಳು ತಿಂಗಳು ತಪ್ಪದೆ ಬರುವ ಹಣ. ಈ ಮಾತನ್ನು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿಗಳನ್ನು ಕಣ್ಣೆದುರಿಗಿಟ್ಟುಕೊಂಡು ಇಂದು ವಿವೇಚಿಸಬೇಕೆಂದು ನಾವು ಬಗೆದಿದ್ದೇವೆ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. 2023ರ ಅಂದಾಜಿನಂತೆ ದೇಶದಲ್ಲಿ ಸೋಂಕಿತರ ಸಂಖ್ಯೆ 25 ಲಕ್ಷವನ್ನು ಮೀರಿದ್ದು, ಅತಿ ಹೆಚ್ಚು ಸೋಂಕಿತರುಳ್ಳ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಮುಂದೆ ನಿಂತಿದೆ. ಕರ್ನಾಟಕದೊಳಗೆ ಉತ್ತರದ ಜಿಲ್ಲೆಗಳು ಈ ರೋಗದ ಹೆಚ್ಚಿನ ಭಾರವನ್ನು ಹೊತ್ತಿವೆ. ರಾಯಚೂರು ಕೃಷ್ಣೆ ತುಂಗಭದ್ರೆಗಳೆರಡರ ನಡುವೆ ಇದ್ದೂ ಬಾಯಾರಿದ ನೆಲ. ಮಾನ್ವಿಯ ಒಂದು ಭಾಗಕ್ಕೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಬತ್ತ ಬೆಳೆಯಿತು. ದೇವದುರ್ಗಕ್ಕೆ ನಾರಾಯಣಪುರದ ಬಲದಂಡೆ ಕಾಲುವೆಯ ನೀರು ಬಹಳ ತಡವಾಗಿ ಬಂದಿತು. ಎರಡು ತಾಲ್ಲೂಕುಗಳಲ್ಲಿಯೂ ನೀರಿಲ್ಲದ ಹೊಲದವರು, ಹೊಲವೇ ಇಲ್ಲದವರು, ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸಿನ ಕಡೆಯ ಹಳಿಯೂ ಕೂಡಿದ್ದು ರಾಯಚೂರಿನಲ್ಲಿ. ಅಂದಿನಿಂದ ದೂರದ ಪಟ್ಟಣಗಳ ಕೂಲಿಗೆ ಈ ನಿಲ್ದಾಣವೇ ಹೆಬ್ಬಾಗಿಲು. ಮನೆಮಠಗಳಿಂದ ತಿಂಗಳುಗಟ್ಟಲೆ ದೂರವಿರುವ ಗಂಡಸರು, ಹಿಂತಿರುಗಿ ಬಂದಾಗ ಅವರೊಡನೆ ಬಂದ ಸೋಂಕನ್ನು ಅರಿಯದ ಹೆಂಡಂದಿರು, ಮತ್ತು 1982ರಲ್ಲಿಯೇ ಕಾನೂನು ನಿಷೇಧಿಸಿದ ದೇವದಾಸಿ ಪದ್ಧತಿಯ ಬಲಿಪಶುಗಳು: ಈ ಮೂವರ ಮೂಲಕ ರೋಗವು ಹಳ್ಳಿಯ ಒಳಮನೆಯನ್ನು ಹೊಕ್ಕಿತು. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವನ್ನು ಸೇರಿಸಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಬಡತನವು ರೋಗಕ್ಕೆ ದಾರಿ ತೋರಿತು. ರೋಗವು ಬಡತನವನ್ನು ಇಮ್ಮಡಿಗೊಳಿಸಿತು.

ಏಡ್ಸಿನಿಂದ ಬಾಧಿತರಾದ ಮಕ್ಕಳೆಂದರೆ ಸೋಂಕು ತಗಲಿದ ಮಕ್ಕಳು ಮಾತ್ರವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. ತಮ್ಮ ಮೈಯಲ್ಲಿ ಸೋಂಕೇನೂ ಇಲ್ಲದೆ, ತಾಯಿಯೋ ತಂದೆಯೋ ಇಬ್ಬರೂ ಸೇರಿಯೋ ರೋಗಕ್ಕೆ ತುತ್ತಾದುದರಿಂದ ಬಾಳು ಕೆಟ್ಟ ಮಕ್ಕಳ ಸಂಖ್ಯೆಯೇ ಹೆಚ್ಚು. ಅಂಥ ಮನೆಯಲ್ಲಿ ನಡೆಯುವುದೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ದುಡಿಯುವ ಕೈ ಮೊದಲು ಹಾಸಿಗೆ ಹಿಡಿಯುತ್ತದೆ. ರೋಗದ ಹೆಸರು ತಿಳಿಯುವ ಮೊದಲೇ ಖಾಸಗಿ ವೈದ್ಯರಿಗಾಗಿ ಎತ್ತುಗಳು ಮಾರಿಹೋಗಿ, ಹೊಲವು ಅಡವಿಗೆ ಬಿದ್ದಿರುತ್ತದೆ. ತಂದೆ ತೀರಿಕೊಂಡ ಮೇಲೆ ಭಾವಮೈದುನರು ವಿಧವೆಯ ಪಾಲನ್ನು ಅಲ್ಲಗಳೆಯುತ್ತಾರೆ. ಹಿರಿಯ ಮಗ ಶಾಲೆ ಬಿಟ್ಟು ಕೂಲಿಗೆ ಹೊರಡುತ್ತಾನೆ. ಹಿರಿಯ ಮಗಳು ತಾಯಿಯ ಆರೈಕೆಗೆ ನಿಲ್ಲುತ್ತಾಳೆ. ತಾಯಿಯೂ ಹೋದ ಮೇಲೆ ಒಡಹುಟ್ಟಿದವರನ್ನು ಒಬ್ಬೊಬ್ಬ ನೆಂಟನು ಒಂದೊಂದು ಊರಿಗೆ ಹಂಚಿಕೊಂಡು ಒಯ್ಯುತ್ತಾನೆ, ಇಲ್ಲವೆ ಕೈಲಾಗದ ಅಜ್ಜಿಯೊಬ್ಬಳ ಮಡಿಲಿಗೆ ಎಲ್ಲರೂ ಬೀಳುತ್ತಾರೆ.

ಇಷ್ಟನ್ನೂ ಕಂಡ ಹತ್ತು ವರ್ಷದ ಮಗುವಿನ ಮನಸ್ಸು ಹೇಗಿದ್ದೀತು? ಅದು ರಾತ್ರಿ ಬೆಚ್ಚಿಬೀಳುತ್ತದೆ. ಜೊತೆಯವರೊಡನೆ ಆಡುವುದನ್ನು ಬಿಡುತ್ತದೆ. ಮಾತನ್ನೇ ಬಿಡುವುದೂ ಉಂಟು, ಸಣ್ಣ ಮಾತಿಗೂ ಸಿಟ್ಟಾಗುವುದೂ ಉಂಟು. ಉಪಾಧ್ಯಾಯರು ಅದನ್ನು ದಡ್ಡತನವೆಂದೋ ಮೊಂಡುತನವೆಂದೋ ಎಣಿಸುತ್ತಾರೆ. ಸೋಂಕಿತ ಮಗುವಾದರೆ, ಪ್ರಾಯಕ್ಕೆ ಬರುವ ಹೊತ್ತಿಗೆ ಗುಳಿಗೆಗಳನ್ನು ಮುಚ್ಚಿಡತೊಡಗುತ್ತದೆ, ಕೊನೆಗೆ ನುಂಗುವುದನ್ನೇ ನಿಲ್ಲಿಸುತ್ತದೆ. ಮನಸ್ಸು ಸೋತರೆ ಔಷಧವು ಸೋಲುತ್ತದೆ. ಔಷಧವು ಸೋತರೆ ವಿಷಾಣುವು ಗೆಲ್ಲುತ್ತದೆ. ಆದುದರಿಂದ ಮಕ್ಕಳ ಮಾನಸಿಕ ಸ್ವಾಸ್ಥ್ಯವು ದಯೆಯ ಪ್ರಶ್ನೆ ಮಾತ್ರವಲ್ಲ, ಚಿಕಿತ್ಸೆಯ ಪ್ರಶ್ನೆಯೂ ಹೌದು.

ಹಣಕ್ಕೂ ಮನಸ್ಸಿಗೂ ಏನು ಸಂಬಂಧವೆಂದು ಕೇಳುವವರಿಗೆ ನಮ್ಮ ಉತ್ತರವಿದು. ನೆಂಟರ ಮನೆಯಲ್ಲಿ ಬೆಳೆಯುವ ಮಗು ತನ್ನ ತಟ್ಟೆಗೆ ಬೀಳುವ ರೊಟ್ಟಿಯನ್ನು ಎಣಿಸುತ್ತದೆ. ಬಡಿಸುವವರ ಮುಖವನ್ನೂ ಓದುತ್ತದೆ. ತಾನು ಈ ಮನೆಗೆ ಭಾರವೆಂಬ ಅರಿವು ಅದರ ಎದೆಯಲ್ಲಿ ಮುಳ್ಳಿನಂತೆ ನೆಟ್ಟಿರುತ್ತದೆ. ಆ ಮಗುವಿನ ಹೆಸರಿನಲ್ಲಿ ತಿಂಗಳಿಗೊಮ್ಮೆ ನಿಶ್ಚಿತವಾಗಿ ಒಂದಿಷ್ಟು ಹಣ ಬರುವುದಾದರೆ, ಮನೆಯವರ ಪ್ರೀತಿಯು ಹೊಸದಾಗಿ ಹುಟ್ಟದಿರಬಹುದು. ಆದರೆ ಇದ್ದ ಪ್ರೀತಿಯನ್ನು ಕೊಲ್ಲುತ್ತಿದ್ದ ಚಿಂತೆಯು ದೂರವಾಗುತ್ತದೆ. ಅಜ್ಜಿಯು ಸಾಲಗಾರನ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ಅಣ್ಣನು ಶಾಲೆಯಲ್ಲಿ ಉಳಿಯುತ್ತಾನೆ. ಒಡಹುಟ್ಟಿದವರು ಒಂದೇ ಸೂರಿನಡಿ ಮಲಗುತ್ತಾರೆ. ನಾಳೆ ಏನಾಗುವುದೋ ಎಂಬ ಅನಿಶ್ಚಯವೇ ಮಗುವಿನ ಮನಸ್ಸನ್ನು ತಿನ್ನುವ ಹುಳು. ಆದುದರಿಂದ ಮೊತ್ತವು ಎಷ್ಟೆಂಬುದು ಎಷ್ಟು ಮುಖ್ಯವೋ, ಅದು ತಪ್ಪದೆ ಬರುತ್ತದೆಂಬ ನಂಬಿಕೆಯೂ ಅಷ್ಟೇ ಮುಖ್ಯ.

ಇದು ಬರಿಯ ಊಹೆಯಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಏಡ್ಸಿನಿಂದ ಅನಾಥರಾದ ಮಕ್ಕಳನ್ನು ಪರೀಕ್ಷಿಸಿದ ವಿದ್ವಾಂಸರು, ಅವರಲ್ಲಿ ಖಿನ್ನತೆಯೂ ಭೀತಿಯೂ ಇತರ ಮಕ್ಕಳಿಗಿಂತ ಹೆಚ್ಚೆಂದೂ, ಅದರ ಬಹುಪಾಲು ಬೇರು ಹಸಿವಿನಲ್ಲಿಯೂ ಜನರ ನಿಂದೆಯಲ್ಲಿಯೂ ಇದೆಯೆಂದೂ ಕಂಡರು. ಉಗಾಂಡದ ರಾಕಾಯಿ ಸೀಮೆಯಲ್ಲಿ 2005ರಿಂದ ನಡೆದ ಒಂದು ಪ್ರಯೋಗದಲ್ಲಿ ಅನಾಥ ಮಗುವಿನ ಹೆಸರಿನಲ್ಲಿ ಉಳಿತಾಯದ ಖಾತೆ ತೆರೆದು, ಕುಟುಂಬವು ಕೂಡಿಟ್ಟ ಹಣಕ್ಕೆ ಮತ್ತಷ್ಟು ಹಣವನ್ನು ಸೇರಿಸಿ, ಓದಿಗೂ ಸಣ್ಣ ಉದ್ಯೋಗಕ್ಕೂ ಬಳಸಲು ಅನುವು ಮಾಡಿದರು. ಆ ಮಕ್ಕಳಲ್ಲಿ ನಿರಾಶೆಯು ಕುಗ್ಗಿ, ತಮ್ಮ ಮೇಲೆ ತಮಗಿರುವ ಗೌರವವು ಬೆಳೆಯಿತು. ಕೆನ್ಯಾ ಸರಕಾರವು ಅನಾಥ ಮಕ್ಕಳನ್ನು ಸಾಕುವ ಬಡ ಕುಟುಂಬಗಳಿಗೆ ಷರತ್ತಿಲ್ಲದೆ ಹಣ ಕೊಟ್ಟಾಗ, ನಾಲ್ಕು ವರ್ಷಗಳ ಬಳಿಕ ಆ ಮನೆಗಳ ತರುಣರಲ್ಲಿ ಖಿನ್ನತೆಯ ಚಿಹ್ನೆಗಳು ಕಾಣುವ ಸಂಭವವು ನೂರಕ್ಕೆ 24ರಷ್ಟು ಇಳಿಯಿತೆಂದು 2016ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಈ ಲಾಭವು ಹುಡುಗರಲ್ಲಿ ಹೆಚ್ಚು ಸ್ಪಷ್ಟವಾಗಿದ್ದಿತು.

ಮಲಾವಿ ದೇಶದ ಅನುಭವವು ಎಚ್ಚರಿಕೆಯ ಪಾಠವನ್ನೂ ಕಲಿಸುತ್ತದೆ. ಅಲ್ಲಿ ಶಾಲೆಯ ಹುಡುಗಿಯರ ಕುಟುಂಬಗಳಿಗೆ ಹಣ ಕೊಟ್ಟಾಗ ಹುಡುಗಿಯರ ಮನೋವ್ಯಥೆಯು ಕಡಿಮೆಯಾಯಿತು. ಆದರೆ ಶಾಲೆಗೆ ತಪ್ಪದೆ ಹೋದರೆ ಮಾತ್ರ ಹಣವೆಂಬ ಷರತ್ತು ಇದ್ದಲ್ಲಿ, ತಂದೆತಾಯಿಗಳ ಕೈಸೇರುವ ಮೊತ್ತವು ಹೆಚ್ಚಿದಷ್ಟೂ ಹುಡುಗಿಯ ಲಾಭವು ಕುಗ್ಗಿತು. ಮನೆಯ ಗಳಿಕೆಯ ಹೊರೆ ಅವಳ ತಲೆಯ ಮೇಲೆ ಕುಳಿತಿದ್ದಿತು. ಹಣವು ನಿಂತೊಡನೆ ಮನಸ್ಸಿನ ನೆಮ್ಮದಿಯೂ ನಿಂತಿತು. ಕೊಡುವುದನ್ನು ಹೇಗೆ ಕೊಡಬೇಕೆಂಬುದು ಎಷ್ಟು ಕೊಡಬೇಕೆಂಬುದಕ್ಕಿಂತ ಕಡಿಮೆಯ ಪ್ರಶ್ನೆಯಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ.

ಈಗ ನಮ್ಮಲ್ಲಿರುವ ವ್ಯವಸ್ಥೆಯನ್ನು ನೋಡೋಣ. ಕಾಗದದ ಮೇಲೆ ನಾವು ಬಡವರಲ್ಲ. ಮಿಷನ್ ವಾತ್ಸಲ್ಯದ 2022ರ ನಿಯಮಾವಳಿಯಂತೆ, ಪ್ರಾಣಾಂತಿಕ ರೋಗಕ್ಕೆ ತುತ್ತಾದ ತಂದೆತಾಯಿಗಳ ಮಕ್ಕಳಿಗೂ, ವಿಧವೆಯರ ಮಕ್ಕಳಿಗೂ, ಬಂಧುಗಳ ಆಶ್ರಯದಲ್ಲಿರುವ ಅನಾಥರಿಗೂ ತಿಂಗಳಿಗೆ 4,000 ರೂಪಾಯಿಗಳ ಪ್ರಾಯೋಜಕತ್ವದ ಸಹಾಯವು ದೊರೆಯತಕ್ಕದ್ದು. ಹಳ್ಳಿಗಳಲ್ಲಿ ಕುಟುಂಬದ ವಾರ್ಷಿಕ ವರಮಾನವು 72,000, ಇತರ ಕಡೆಗಳಲ್ಲಿ 96,000 ರೂಪಾಯಿಗಳನ್ನು ಮೀರಿರಬಾರದು. ಸೋಂಕಿತ ಹೆಂಗಸರ ಸ್ವಂತ ಉದ್ಯೋಗಕ್ಕಾಗಿ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮದ ‘ಧನಶ್ರೀ’ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ 2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಸೋಂಕಿನ ಕಾರಣದಿಂದ ಶಾಲೆಯಲ್ಲಿಯೂ ಕೆಲಸದಲ್ಲಿಯೂ ಭೇದವೆಣಿಸುವುದನ್ನು ನಿಷೇಧಿಸಿದೆ; ಗುಟ್ಟನ್ನು ಹೊರಗೆಡಹುವುದನ್ನು ತಡೆದಿದೆ; ಬಾಧಿತ ಮಕ್ಕಳ ಆಸ್ತಿಯನ್ನು ಕಾಪಾಡುವ ಹೊಣೆಯನ್ನು ಸರಕಾರಗಳ ಮೇಲಿರಿಸಿದೆ. ಅಷ್ಟೇ ಅಲ್ಲ, ತಿಳಿವಳಿಕೆಯುಳ್ಳ ಹನ್ನೆರಡು ವರ್ಷ ದಾಟಿದ ಅಣ್ಣನೋ ಅಕ್ಕನೋ ಮನೆಯನ್ನು ನಡೆಸುತ್ತಿದ್ದರೆ, ತಮ್ಮತಂಗಿಯರ ಶಾಲಾಪ್ರವೇಶಕ್ಕೂ, ಚಿಕಿತ್ಸೆಗೂ, ಬ್ಯಾಂಕಿನ ಖಾತೆಗೂ ಅವರೇ ಪಾಲಕರಾಗಬಹುದೆಂದು ಆ ಕಾಯಿದೆಯು ಒಪ್ಪಿದೆ. ಮಕ್ಕಳೇ ಯಜಮಾನರಾದ ಮನೆಗಳು ಉಂಟೆಂಬ ಕಠೋರ ಸತ್ಯವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಶಾಸನವು ಒಪ್ಪಿಕೊಂಡೀತು?

ಆದರೂ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯು ಇಂಥ ಸಂದರ್ಭಗಳಿಗಾಗಿಯೇ ಹುಟ್ಟಿರಬೇಕು. ಸಹಾಯವನ್ನು ಬೇಡುವವರು ವರಮಾನದ ಪತ್ರ, ಮರಣದ ಪತ್ರ, ಆಧಾರ್, ಬ್ಯಾಂಕಿನ ಪುಸ್ತಕ, ಶಾಲೆಯ ಪತ್ರ, ವೈದ್ಯರ ಪತ್ರಗಳನ್ನು ಒಟ್ಟುಮಾಡಬೇಕು. ಒಂದೊಂದು ಪತ್ರಕ್ಕೂ ಒಂದೊಂದು ಮೇಜು. ಒಂದೊಂದು ಮೇಜಿನ ಮುಂದೆಯೂ ಸಾವು ಹೇಗಾಯಿತೆಂಬ ಪ್ರಶ್ನೆ. ತಂದೆಯು ಗುಳೆ ಹೋದ ಪಟ್ಟಣದಲ್ಲಿ ತೀರಿಕೊಂಡಿದ್ದರೆ ಮರಣದ ಪತ್ರವು ದೊರೆಯುವುದೇ ದುರ್ಲಭ. ದೇವದುರ್ಗದಿಂದಲೂ ಮಾನ್ವಿಯಿಂದಲೂ ಜಿಲ್ಲಾ ಕೇಂದ್ರಕ್ಕೆ ಸುಮಾರು 50 ಕಿಲೋಮೀಟರು. ಒಳಹಳ್ಳಿಗಳಿಂದ ಇನ್ನೂ ದೂರ. 2023ರ ಜೂನ್ ತಿಂಗಳಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರಕಾರಿ ಬಸ್ಸಿನ ದರವು ತಪ್ಪಿತೆಂಬುದು ನಿಜ. ಆದರೆ ಕಳೆದುಹೋದ ದಿನದ ಕೂಲಿಯನ್ನು ಯಾವ ಬಸ್ಸೂ ಹಿಂದಕ್ಕೆ ತರದು. ಇದೆಲ್ಲಕ್ಕಿಂತ ದೊಡ್ಡ ಅಡ್ಡಿಯೆಂದರೆ ಗುಟ್ಟು ಹೊರಬೀಳುವ ಅಂಜಿಕೆ. ಏಡ್ಸಿನವರ ಸಹಾಯವೆಂದು ಹೆಸರಿಟ್ಟ ಹಣವನ್ನು ಪಡೆಯಲು ಹೋಗುವುದೆಂದರೆ ಊರಿನ ಮುಂದೆ ಡಂಗುರ ಸಾರಿದಂತೆ. ಆದುದರಿಂದ ಎಷ್ಟೋ ತಾಯಂದಿರು ಹಸಿವನ್ನೇ ಆರಿಸಿಕೊಳ್ಳುತ್ತಾರೆ. ಮಗುವಿನ ಮನಸ್ಸಿನ ನೆಮ್ಮದಿಗಾಗಿ ಕೊಡುವ ಹಣವು ಅದರ ಮಾನವನ್ನೇ ಬೆಲೆಯಾಗಿ ಕೇಳಿದರೆ ಅದು ಯಾವ ಬಗೆಯ ಉಪಕಾರ?

ಇದಕ್ಕೆ ನಮ್ಮ ಸೀಮೆಯಲ್ಲಿಯೇ ಒಂದು ಒಳ್ಳೆಯ ಮೇಲ್ಪಂಕ್ತಿಯಿದೆ. 2002ರಲ್ಲಿ ‘ಅಕ್ಷರ ದಾಸೋಹ’ದ ಬಿಸಿಯೂಟವು ಮೊದಲು ಆರಂಭವಾದುದು ರಾಯಚೂರನ್ನೊಳಗೊಂಡ ಉತ್ತರದ ಜಿಲ್ಲೆಗಳಲ್ಲಿ. ಆ ಪಂಕ್ತಿಯಲ್ಲಿ ಕುಳಿತ ಯಾವ ಮಗುವಿಗೂ ನೀನೇಕೆ ಉಣ್ಣುತ್ತೀ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಎಲ್ಲರೂ ಉಣ್ಣುತ್ತಿದ್ದರು. ಪ್ರಾಯೋಜಕತ್ವದ ಸಹಾಯವೂ ಹಾಗೆಯೇ ಇರಬೇಕು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ, ಇಲ್ಲವೆ ದೀರ್ಘರೋಗಿಯ ಮನೆಯಲ್ಲಿ ಬೆಳೆಯುವ ಎಲ್ಲ ಬಡಮಕ್ಕಳಿಗೂ ಒಂದೇ ಹೆಸರಿನಲ್ಲಿ, ಒಂದೇ ಅರ್ಜಿಯಲ್ಲಿ, ಒಂದೇ ದಿನ ಹಣವು ಬರುವುದಾದರೆ, ರೋಗದ ಹೆಸರನ್ನು ಎಲ್ಲಿಯೂ ಬರೆಯಬೇಕಾಗಿಲ್ಲ. ಏಡ್ಸಿನವರಿಗೆ ಮಾತ್ರವೇಕೆ, ಉಳಿದ ಅನಾಥರೇನು ಪಾಪ ಮಾಡಿದರು ಎಂದು ಆಕ್ಷೇಪಿಸುವವರಿಗೂ ಇದೇ ಉತ್ತರವಾಗುತ್ತದೆ.

ಇನ್ನೆರಡು ಆಕ್ಷೇಪಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಕೊಟ್ಟ ಹಣವನ್ನು ಹಿರಿಯರು ಕುಡಿದು ಕಳೆಯುವರೆಂಬುದು ಮೊದಲನೆಯದು. ಕೆಲವೆಡೆ ಅದು ನಡೆದೀತು; ಆದರೆ ಈ ಮಕ್ಕಳನ್ನು ಸಾಕುತ್ತಿರುವವರು ಬಹುಮಟ್ಟಿಗೆ ತಾಯಂದಿರು, ಅಜ್ಜಿಯರು, ದೊಡ್ಡಮ್ಮ ಚಿಕ್ಕಮ್ಮಂದಿರು. ಅವರ ಖಾತೆಗೆ ನೇರವಾಗಿ ಹಣವನ್ನು ಕಳುಹಿಸಿ, ವರ್ಷಕ್ಕೆ ಎರಡು ಸಲ ಮಗುವನ್ನು ಕಂಡುಬಂದರೆ ಸಾಕು. ಕೆಲವರ ದುರ್ವ್ಯಯಕ್ಕಾಗಿ ಎಲ್ಲರನ್ನೂ ಶಿಕ್ಷಿಸುವುದು ನ್ಯಾಯವಲ್ಲ. ಎರಡನೆಯದು, ಹಣದಿಂದ ದುಃಖವು ಹೋಗುವುದೇ ಎಂಬುದು. ಹೋಗುವುದಿಲ್ಲ, ಹೋಗುವುದೆಂದು ನಾವೂ ಹೇಳುತ್ತಿಲ್ಲ. ಸತ್ತ ತಾಯಿಯ ಸ್ಥಾನವನ್ನು ಯಾವ ಖಜಾನೆಯೂ ತುಂಬಲಾರದು. ದಕ್ಷಿಣ ಆಫ್ರಿಕದ ವಿದ್ವಾಂಸರು ಕಂಡುಕೊಂಡಂತೆ, ಹಣದೊಡನೆ ಆರೈಕೆಯೂ ಕೂಡಿದಾಗಲೇ ಫಲವು ಹೆಚ್ಚು. ಆದರೆ ಹಸಿದ ಮಗುವಿಗೆ ಧೈರ್ಯದ ಉಪದೇಶವನ್ನು ಮಾತ್ರ ಮಾಡುವುದು ಉಪಾಯವಿಲ್ಲದವನ ಉಪಚಾರ. ಮೊದಲು ಅನ್ನ, ಬಳಿಕ ಮಾತು. ಎರಡೂ ಕೂಡಿ ಔಷಧ.

ಆರೈಕೆಯ ವಿಷಯದಲ್ಲಿಯೂ ನಾವು ದೂರ ಹುಡುಕಬೇಕಾಗಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ, ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಚಿಕಿತ್ಸೆಯ ಮೊದಲ ಪಾಠಗಳನ್ನು ಕಲಿಸಿ, ಹಳ್ಳಿಯ ರೋಗಿಯನ್ನು ಹಳ್ಳಿಯ ಬಳಿಯೇ ಉಪಚರಿಸಬಹುದೆಂದು ತೋರಿಸಿತು. 1996ರಲ್ಲಿ ದೇಶಕ್ಕೆಲ್ಲ ವಿಸ್ತರಿಸತೊಡಗಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಮಾದರಿಯೇ ತಳಹದಿ. ನಮ್ಮ ನೆರೆಯಲ್ಲಿ ಹುಟ್ಟಿ ದೇಶವೆಲ್ಲ ಬೆಳೆದ ಈ ವಿದ್ಯೆಯು ಮಾನ್ವಿಯ ಮಗುವಿಗೆ ದೊರೆಯದಿದ್ದರೆ ನಾಚಿಕೆ ಯಾರದು?

ಆದುದರಿಂದ ನಾವು ಕೇಳುವುದು ಇಷ್ಟು. ಒಂದು: ಪ್ರಾಯೋಜಕತ್ವದ ಹಣವು ಪ್ರತಿ ತಿಂಗಳ ಗೊತ್ತಾದ ದಿನಾಂಕದಂದು ಖಾತೆಗೆ ಬೀಳಲಿ, ಆರು ತಿಂಗಳ ಹಣವನ್ನು ಒಮ್ಮೆಗೇ ಸುರಿಯುವುದು ಸಾಲಗಾರನಿಗೆ ಅನುಕೂಲವೇ ಹೊರತು ಮಗುವಿಗಲ್ಲ. ಎರಡು: ಅರ್ಜಿಯನ್ನು ತಾಲ್ಲೂಕಿನಲ್ಲಿಯೇ ಸ್ವೀಕರಿಸಿ, ಬೇಕಾದ ಪತ್ರಗಳನ್ನು ಒಂದು ಕಚೇರಿಯು ಇನ್ನೊಂದು ಕಚೇರಿಯಿಂದ ತಾನೇ ತರಿಸಿಕೊಳ್ಳಲಿ, ರೋಗದ ಹೆಸರು ವೈದ್ಯರ ಕಡತದಾಚೆಗೆ ಕಾಲಿಡದಿರಲಿ. ಮೂರು: ಎ.ಆರ್.ಟಿ. ಔಷಧಕ್ಕಾಗಿ ಬರುವ ಪ್ರತಿ ಕುಟುಂಬಕ್ಕೂ ಮಕ್ಕಳ ಸಹಾಯದ ವಿಷಯವನ್ನು ಅಲ್ಲಿಯೇ ತಿಳಿಸಿ, ಮಗುವಿನ ಮನಸ್ಸಿನ ಪರೀಕ್ಷೆಯನ್ನೂ ಮೈಯ ಪರೀಕ್ಷೆಯೊಡನೆ ನಡೆಸಲಿ. ನಾಲ್ಕು: ವಿಧವೆಯರ ಮತ್ತು ಅನಾಥರ ಹೊಲಮನೆಗಳ ಖಾತೆ ಬದಲಾವಣೆಯನ್ನು ತಹಶೀಲ್ದಾರರು ತಾವಾಗಿಯೇ ಕೈಗೆತ್ತಿಕೊಳ್ಳಲಿ; ನ್ಯಾಯವಾಗಿ ಬರಬೇಕಾದ ಎರಡು ಎಕರೆ ಹೊಲವು ದಾನವಾಗಿ ಬಂದ ಹತ್ತು ಕಂತುಗಳಿಗಿಂತ ಮೇಲು. ಐದು: ಹದಿನೆಂಟು ತುಂಬಿದ ದಿನವೇ ಸಹಾಯವನ್ನು ಕತ್ತರಿಸದೆ, ಓದುತ್ತಿರುವ ಮಕ್ಕಳಿಗೆ ಆ ಓದು ಮುಗಿಯುವವರೆಗೆ ರಾಜ್ಯವು ಕೈಹಿಡಿಯಲಿ.

ಇದಕ್ಕೆ ಹಣವೆಲ್ಲಿದೆಯೆಂಬ ಪ್ರಶ್ನೆಯನ್ನು ಈ ಸೀಮೆಯಲ್ಲಿ ಯಾರೂ ಕೇಳಲಾಗದು. 1948ರವರೆಗೆ ಪರರ ಆಳಿಕೆಯಲ್ಲಿ ನಲುಗಿ, 1956ರಲ್ಲಿ ಕನ್ನಡನಾಡಿನೊಡನೆ ಒಂದಾದ ಈ ಜಿಲ್ಲೆಗಳ ಹಿಂದುಳಿದಿರುವಿಕೆಯನ್ನು ನೀಗಿಸಲೆಂದೇ ಸಂವಿಧಾನದಲ್ಲಿ 371-ಜೆ ವಿಧಿಯು ಬಂದಿತು. ಅದರಂತೆ ನಿಂತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಆಯವ್ಯಯದಲ್ಲಿ 5,000 ಕೋಟಿ ರೂಪಾಯಿಗಳನ್ನು ಸಾರಲಾಯಿತು. ಕಟ್ಟಡಗಳೂ ರಸ್ತೆಗಳೂ ಬೇಡವೆಂದು ನಾವು ಹೇಳೆವು. ಆದರೆ ಈ ಸಹಾಯಕ್ಕೆ ತಗಲುವ ವೆಚ್ಚವು ಆ ಮೊತ್ತದ ಮುಂದೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಂತೆ. ನಾಡಿನ ಅಭಿವೃದ್ಧಿಯೆಂದರೆ ಕಲ್ಲುಸುಣ್ಣಗಳ ಲೆಕ್ಕವೇ? ಹೆದರಿ ಮೂಲೆಗೆ ಸೇರಿದ ಮಗುವು ಮತ್ತೆ ಬೀದಿಗೆ ಬಂದು ಆಡುವುದು ಅಭಿವೃದ್ಧಿಯಲ್ಲವೇ?

ಕೊನೆಯದಾಗಿ ಒಂದು ಮಾತು ರಾಯಚೂರು, ದೇವದುರ್ಗ, ಮಾನ್ವಿಗಳ ಮಹಾಜನರಿಗೆ. ವಿಜಯದಾಸರೂ ಜಗನ್ನಾಥದಾಸರೂ ಬಾಳಿದ ಮಾನ್ವಿಯ ಸೀಮೆಯಿದು. ದಯೆಯೇ ಧರ್ಮವೆಂಬುದನ್ನು ಇಲ್ಲಿಯ ಜನಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ. ಒಟ್ಟಿಗೆ ಕುಳಿತು ಉಣ್ಣುವುದರಿಂದ, ಒಂದೇ ಹಲಗೆಯ ಮೇಲೆ ಕುಳಿತು ಓದುವುದರಿಂದ, ಕೈಹಿಡಿದು ಆಡುವುದರಿಂದ ಈ ಸೋಂಕು ಹರಡದೆಂಬುದು ದಶಕಗಳಿಂದ ತಿಳಿದ ಮಾತು. ಆದರೂ ಆ ಮಕ್ಕಳ ತಟ್ಟೆಯನ್ನು ಬೇರೆಯಿಡುವ ಮನೆಗಳು ಇನ್ನೂ ಇವೆಯಾದರೆ, ಅಸ್ಪೃಶ್ಯತೆಯನ್ನು ಕಾನೂನಿನಿಂದ ಅಳಿಸಿದ ನಾವು ಅದಕ್ಕೆ ಹೊಸದೊಂದು ಹೆಸರಿನಲ್ಲಿ ಆಶ್ರಯ ಕೊಟ್ಟಂತಾಯಿತು. ಸರಕಾರವು ಹಣವನ್ನು ಕೊಡಬಲ್ಲುದು. ನೆರೆಹೊರೆಯ ನಗುಮುಖವನ್ನು ಕೊಡಲಾರದು. ಅದನ್ನು ಕೊಡಬೇಕಾದವರು ನಾವು ನೀವು.

ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇನ್ನೂ ಸರಳವಾದುದು. ನಿಮ್ಮ ಮೇಜಿನ ಮೇಲಿರುವ ಕಡತಗಳಲ್ಲಿ ಇಂಥ ಒಂದು ಅರ್ಜಿಯಿದ್ದರೆ ಅದನ್ನು ಇಂದೇ ತೆಗೆದು ನೋಡಿರಿ. ಒಂದು ಸಹಿಯು ಒಂದು ತಿಂಗಳು ತಡವಾದರೆ ಕಚೇರಿಗೆ ನಷ್ಟವೇನೂ ಇಲ್ಲ. ಆದರೆ ಆ ಒಂದು ತಿಂಗಳಲ್ಲಿ ಒಬ್ಬ ಹುಡುಗನು ಶಾಲೆಯ ಚೀಲವನ್ನು ಗೂಟಕ್ಕೆ ತಗುಲಿಹಾಕಿ ಗುಳೆಯ ಗುಂಪಿನೊಡನೆ ರೈಲನ್ನು ಏರಿಬಿಡಬಹುದು. ಅವನ ತಂದೆಯು ಹೋದ ದಾರಿಯೂ ಅದೇ ಆಗಿದ್ದಿತು.